ಮೂರು ಕಿಟ್, ಒಂದು ಬಾವಿ

ಅವರ ಬಲಗೈಯ ಹೆಬ್ಬೆರಳು ಮತ್ತು ತೋರುಬೆರಳ ತುದಿ ಸದಾ ಕಪ್ಪಾಗಿರುತ್ತಿತ್ತು. ಮಸಿಯ ಕಪ್ಪಲ್ಲ, ಸುಟ್ಟ ಗಾಯದ್ದೂ ಅಲ್ಲ. ಚರ್ಮದೊಳಕ್ಕೇ ಇಳಿದು ಕೂತಂಥ ಕಲೆ. ನೀರಿನಲ್ಲಿ ಉಪ್ಪೆಷ್ಟಿದೆ ಎಂದು ನೋಡಲು ಹನಿಹನಿಯಾಗಿ ಬಿಡುವ ದ್ರಾವಣ ಕೈಗೆ ತಾಗಿದರೆ ಹಾಗಾಗುತ್ತದೆ. ಸಾಬೂನಿಗೆ ಅದು ಜಗ್ಗುವುದಿಲ್ಲ. ಕೈಗವಸು ಹಾಕಿಕೊಳ್ಳಬಾರದೇ ಎಂದು ಒಮ್ಮೆ ಕೇಳಿದ್ದೆ.

"ಗವಸು ಹಾಕಿದ್ರೆ ಹನಿ ಬಿದ್ದದ್ದು ಬೆರಳಿಗೆ ತಿಳಿಯೂದಿಲ್ಲ ತಮ್ಮಾ," ಎಂದರು. "ಮದುವಣಗಿತ್ತಿಗೆ ಮದರಂಗಿ, ನಂಗೆ ಇದು."

ಕಾರವಾರದ ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ ಅವರ ಅಂಗಡಿಯಿತ್ತು. ಕೊಂಕಣಿಯಲ್ಲಿ ಹೆಂಗಸರನ್ನು ಗೌರವದಿಂದ ಕರೆಯುವಂತೆ ಊರೆಲ್ಲ ಅವರನ್ನು ಬಾಯಿ ಎನ್ನುತ್ತಿತ್ತು, ನಾನೂ ಹಾಗೇ ಕರೆದೆ. ಮೊದಲು ಶಾಲೆಗಳ ಪ್ರಯೋಗಾಲಯಕ್ಕೆ ಗಾಜಿನ ಸಾಮಾನು ಮಾರುತ್ತಿದ್ದರಂತೆ. ಅಂಕೋಲೆಯ ಕಡೆ ಸಿಗಡಿ ಸಾಕುವ ಕೆರೆಗಳು ಹೆಚ್ಚಾದಾಗ ಕೆರೆಯ ನೀರು ನೋಡುವ ಕಿಟ್ ತರಿಸಿದರು. ಆಮೇಲೆ ಕುಡಿಯುವ ನೀರಿನದೂ ಬಂತು. ಬಿಣಗಾದ ಕಾಲೊನಿಯವರು, ಕಿನ್ನರದ ಶಾಲೆಯವರು, ಹೊಟೇಲಿನವರು, ಎಲ್ಲರೂ ಅಲ್ಲಿಗೇ ಬರುತ್ತಿದ್ದರು.

ನಾನು ಪತ್ರಿಕೆಯ ವರದಿಗಾರ. ನೀರು ಪರೀಕ್ಷೆಯ ಕಿಟ್‌ಗಳು ಎಲ್ಲಿಂದ ಬರುತ್ತವೆ, ಯಾವುದು ಒಳ್ಳೆಯದು ಎಂದು ಒಂದು ವರದಿ ಮಾಡೋಣ, ಅರ್ಧ ದಿನದ ಕೆಲಸ ಎಂದುಕೊಂಡು ಹೋದೆ. ಅಲ್ಲಿ ಸಿಕ್ಕಿದ್ದು ಗೋಜಲು. ಹುಬ್ಬಳ್ಳಿಯ ವಿತರಕರಿಂದ ಸೂಟ್‌ಕೇಸಿನಂಥ ಪೆಟ್ಟಿಗೆಯಲ್ಲಿ ಬರುವುದು ಒಂದು. ಗೋವಾದಿಂದ ಬಸ್ಸಿನ ಪಾರ್ಸೆಲ್ಲಿನಲ್ಲಿ ಬರುವುದು ಇನ್ನೊಂದು. ಪಂಚಾಯತಿಗಳಿಗೆ ಟೆಂಡರಿನಲ್ಲಿ ಬಂದದ್ದು ಮತ್ತೊಂದು. ಅದರ ಔಷಧ, ಅಂದರೆ ನೀರಿಗೆ ಬೆರೆಸುವ ದ್ರಾವಣ, ಮುಗಿದರೆ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಇವಲ್ಲದೆ ಜನ ಮೊಬೈಲಿನಲ್ಲಿ ತರಿಸಿಕೊಂಡ ಅಗ್ಗದವು. ಅವುಗಳ ಮೇಲೆ ಮಾಡಿದವರ ಹೆಸರಿಲ್ಲ, ನೀಲಿ ಹನಿಯ ಚಿತ್ರ ಮಾತ್ರ.

ಔಷಧ ಮುಗಿದವರು ಖಾಲಿ ಬಾಟಲಿ ಹಿಡಿದು ಬಂದು, ಸೀಮೆಎಣ್ಣೆ ಕೇಳಿದ ಹಾಗೆ, "ಇದಕ್ಕೆ ಸ್ವಲ್ಪ ಹಾಕ್ಕೊಡಿ" ಎನ್ನುತ್ತಿದ್ದರು. ಒಂದು ಕಂಪನಿಯ ಔಷಧಕ್ಕೆ ಇನ್ನೊಂದರ ಬಣ್ಣ ಹೋಲಿಸುವ ಕಾರ್ಡು ಹಿಡಿದರೆ ಉತ್ತರ ತಪ್ಪುತ್ತದೆ. ಬಾಯಿ ಕೊಡುತ್ತಿರಲಿಲ್ಲ. "ಹುಡುಗ ಒಂದೂರಿಂದು, ಹುಡುಗಿ ಒಂದೂರಿಂದು. ಸಂಸಾರ ಆಗ್ತದೆ, ಪರೀಕ್ಷೆ ಆಗೂದಿಲ್ಲ."

ಕಿಟ್‌ನ ಜೊತೆಯ ಕನ್ನಡ ಚೀಟಿ ಯಾರಿಗೂ ಅರ್ಥವಾಗುತ್ತಿರಲಿಲ್ಲ. "ದ್ರಾವಣವು ಕಂದು ಬಣ್ಣಕ್ಕೆ ತಿರುಗಿದಲ್ಲಿ" ಎಂದು ಅದರಲ್ಲಿತ್ತು. ಕಂದು ಎಂದರೆ ಯಾವುದು ಎಂದು ಫೋನು ಬರುತ್ತಿತ್ತು. "ಹಾಲು ಹಾಕದ ಚಾ ನೋಡೀರಿ ಅಲ್ದಾ? ಅದೇ," ಎಂದು ಬಾಯಿ ಹೇಳುತ್ತಿದ್ದರು. ಗುಲಾಬಿಗೆ ಕೋಕಂ ಸರಬತ್ತು ಎನ್ನುತ್ತಿದ್ದರು. ಆಗಲೂ ಜಗಳ ತಪ್ಪುತ್ತಿರಲಿಲ್ಲ: ಒಬ್ಬರ ಮನೆಯ ಸರಬತ್ತು ದಪ್ಪ, ಇನ್ನೊಬ್ಬರದು ತೆಳು.

ಯಾವ ಕಿಟ್ ಒಳ್ಳೆಯದು ಎಂಬ ನನ್ನ ಪ್ರಶ್ನೆಗೆ ನಕ್ಕರು. "ಯಾರ ದೋಣಿ ಬಂಗಡೆ ಒಳ್ಳೇದು ಅಂತ ಕೇಳ್ದಂಗಾಯ್ತು. ಯಾವತ್ತು ಹಿಡ್ದದ್ದು, ಎಲ್ಲಿಟ್ಟಿದ್ರು ಅಂತ ಕೇಳು." ಕೊರಿಯರ್ ಗಾಡಿಯ ಬಿಸಿಯಲ್ಲಿ ಬಂದ ಔಷಧವನ್ನು ಅವರು ಅನುಮಾನದಿಂದಲೇ ನೋಡುತ್ತಿದ್ದರು. ಆದರೆ ಅನುಮಾನಕ್ಕಿಂತ ಮುಂದೆ ಹೋಗಿ ಇದು ಕೆಟ್ಟಿದೆ ಎನ್ನುವ ದಾರಿ ಅವರಿಗೂ ಇರಲಿಲ್ಲ. ನನ್ನ ವರದಿ ಮುಗಿಯಲಿಲ್ಲ. ಅಂಗಡಿಗೆ ಹೋಗಿ ಕೂರುವುದು ಮಾತ್ರ ರೂಢಿಯಾಯಿತು.

ಹಾಗೆ ಕೂತಿದ್ದ ಒಂದು ಬೇಸಗೆಯ ಬೆಳಿಗ್ಗೆ ಅಂಕೋಲೆಯ ಕಡಲ ಬದಿಯ ಕೇರಿಯಿಂದ ಮೀನು ಮಾರುವ ಹೆಂಗಸೊಬ್ಬರು ಬಂದರು. ಬುಟ್ಟಿ ಇಳಿಸಿ, ಅದರೊಳಗಿಂದ ನೀರಿನ ಬಾಟಲಿ ತೆಗೆದು ಮೇಜಿನ ಮೇಲಿಟ್ಟರು.

"ಬಾಯೀ, ಈ ನೀರು ಒಳ್ಳೇದಾ, ಕೆಟ್ಟದ್ದಾ? ಒಂದೇ ಮಾತು ಹೇಳು."

ಅವರ ಹಿತ್ತಲ ಬಾವಿಯಿಂದ ಇಡೀ ಕೇರಿ ನೀರು ಒಯ್ಯುತ್ತಿತ್ತು. ಸುತ್ತಲಿನ ಬಾವಿಗಳೆಲ್ಲ ಬೇಸಗೆಗೆ ಉಪ್ಪಾಗುತ್ತಿದ್ದವು, ಇದೊಂದು ಸಿಹಿ. ಈಗ ಕೇರಿಯ ಮಕ್ಕಳಿಗೆ ವಾಂತಿಭೇದಿ ಶುರುವಾಗಿತ್ತು, ಅವರ ಮೊಮ್ಮಗಳಿಗೂ. ಪಂಚಾಯತಿಯವರು ತಮ್ಮ ಕಿಟ್‌ನ ಸೀಸೆಯಲ್ಲಿ ನೀರು ತುಂಬಿಟ್ಟರೆ ಅದು ಕಪ್ಪಾಯಿತು. ಕಪ್ಪಾದರೆ ನೀರಿಗೆ ಹೊಲಸು ಸೇರಿದೆ ಎಂದು ಅರ್ಥ. ಆದರೆ ಆ ಕಿಟ್‌ನ ಅವಧಿ ಮುಗಿದಿತ್ತು. ಆ ಹೆಂಗಸಿನ ಮಗ ಬಾಯಿಯ ಅಂಗಡಿಯಿಂದ ಹುಬ್ಬಳ್ಳಿಯ ಹೊಸ ಕಿಟ್ ಒಯ್ದು ನೋಡಿದ್ದ, ಅದರಲ್ಲಿ ನೀರು ತಿಳಿಯಾಗಿಯೇ ಉಳಿಯಿತು. ಭಾನುವಾರ ಕೇರಿಯವರು ಕೂಡಿ ಬಾವಿ ಮುಚ್ಚಬೇಕೋ ಬೇಡವೋ ಎಂದು ತೀರ್ಮಾನಿಸುವವರಿದ್ದರು.

"ನಮ್ಮತ್ತೆ ಕಾಲದ ಬಾವಿ. ಇಲ್ಲ ಅಂತ ಯಾರಿಗೂ ಹೇಳಿದ್ದಿಲ್ಲ. ಈಗ ನನ್ನ ಬಾವಿಯೇ ಮಕ್ಕಳ್ನ ಮಲಗಿಸ್ತು ಅಂತಾರೆ."

ಬಾಯಿ ಆ ನೀರನ್ನು ಗೋವಾದ ಕಿಟ್‌ನ ಸೀಸೆಗೆ ತುಂಬಿ ಬೆಚ್ಚಗಿನ ಕಡೆ ಇಟ್ಟರು. ಮರುದಿನ ಅದು ಕಪ್ಪೂ ಅಲ್ಲ, ತಿಳಿಯೂ ಅಲ್ಲ, ಬೂದಿ ಕಲಸಿದಂತಿತ್ತು. ಸೀಸೆಯನ್ನು ಬಿಳಿ ಗೋಡೆಗೆ ಹಿಡಿದು ನಾವು ಮೂವರೂ ನೋಡಿದೆವು. ನನಗೆ ಕಪ್ಪಿಗೆ ಹತ್ತಿರವೆನಿಸಿತು. ಮೀನಿನ ಅಕ್ಕನಿಗೆ ತಿಳಿ ಎನಿಸಿತು.

"ಬಾಟಲಿ ಮೀನಿನ ಬುಟ್ಟೀಲಿ ಬಂದದೆ ಅಕ್ಕಾ," ಎಂದರು ಬಾಯಿ. "ಹೊಲಸು ಬಾವೀದೋ ಬುಟ್ಟೀದೋ, ನಂಗೆ ಗೊತ್ತಿಲ್ಲ."

"ಗೊತ್ತಿಲ್ಲದ್ದು ಮತ್ತೆಂತಕ್ಕೆ ಮಾರ್ತೆ? ನಾನು ಸತ್ತ ಮೀನು ಮಾರೂದಾದ್ರೂ ಮೂಸಿ ಮಾರ್ತೆ!"

ಮರುದಿನ ಬಾಯಿ ಬೇರೆ ಬಾಟಲಿಯೊಂದನ್ನು ನೀರಲ್ಲಿ ಕುದಿಸಿಕೊಂಡು, ಐಸ್ ತುಂಬಿದ ಡಬ್ಬಿ ಹಿಡಿದು ಬಸ್ಸು ಹತ್ತಿದರು. ನಾನೂ ಜೊತೆಗೆ ಹೋದೆ. ಬಾಳೆಗುಳಿಯಲ್ಲಿ ಇಳಿದು ರಿಕ್ಷಾ ಮಾಡಿದೆವು. ತಾವೇ ಬಾವಿಯಿಂದ ನೀರು ಸೇದಿ ತುಂಬಿಸಿ, ತಂದು ಕಾರವಾರದ ಸರ್ಕಾರಿ ಪ್ರಯೋಗಾಲಯಕ್ಕೆ ಕೊಟ್ಟರು. ವರದಿ ಭಾನುವಾರದೊಳಗೆ ಬರುವುದಿಲ್ಲ ಎಂದರು ಅಲ್ಲಿ.

ಭಾನುವಾರ ಬಾವಿಕಟ್ಟೆಯ ಸುತ್ತ ಕೇರಿಯೇ ನೆರೆದಿತ್ತು. ಬಾಯಿ ಮತ್ತೆ ಹೋಗಿದ್ದರು. ಅವರ ಅಂಗಡಿಯ ಕಿಟ್ ತಿಳಿ ತೋರಿಸಿದೆ, ಅವರು ಬಾವಿಯ ಪರ ಮಾತಾಡುತ್ತಾರೆ ಎಂದು ಮೀನಿನ ಅಕ್ಕ ನಂಬಿದ್ದರು. ನಾನೂ ಹಾಗೇ ಎಣಿಸಿದ್ದೆ.

"ನನ್ನ ಕಿಟ್ ಒಳ್ಳೇದು ಅಂತದೆ, ಪಂಚಾಯ್ತೀದು ಕೆಟ್ಟದ್ದು ಅಂತದೆ. ಇನ್ನೊಂದು ಎಂತದೂ ಹೇಳೂದಿಲ್ಲ," ಎಂದರು ಬಾಯಿ. "ಯಾವುದು ಖರೆ ಅಂತ ನಂಗೆ ಗೊತ್ತಿಲ್ಲ. ಲ್ಯಾಬಿನ ವರದಿ ಬರೂವರೆಗೆ ಕುದಿಸಿ ಕುಡೀರಿ. ಬಾವಿ ಮುಚ್ಚಬೇಡಿ."

ಹಿಂದಿನಿಂದ ಒಬ್ಬ ಯುವಕ ಕೂಗಿದ: "ಗೊತ್ತಿಲ್ಲ ಅನ್ನೂಕೆ ಕಾರವಾರದಿಂದ ಬಸ್ಸಿಗೆ ಬರ್ಬೇಕಾಗಿತ್ತಾ ಬಾಯೀ?" ಜನ ನಕ್ಕರು.

"ಗೊತ್ತಿದ್ದವ್ರು ಯಾರೂ ಬರ್ಲಿಲ್ಲಲ್ಲ ಮಾರಾಯಾ, ಅದಕ್ಕೇ ನಾನು ಬಂದೆ."

ಬಾವಿ ಮುಚ್ಚಲಿಲ್ಲ. ಮನೆಮನೆಯಲ್ಲಿ ನೀರು ಕುದಿಯಿತು. ಕೆಲವು ದಿನಗಳ ನಂತರ ವರದಿ ಬಂತು: ನೀರು ಕುಡಿಯಲು ಯೋಗ್ಯವಲ್ಲ. ಅವಧಿ ಮುಗಿದ ಕಿಟ್ ಸರಿ ಹೇಳಿತ್ತು, ಹೊಸದು ತಪ್ಪು ಹೇಳಿತ್ತು. ಬಾಯಿ ವರದಿಯನ್ನು ಎರಡೆರಡು ಸಲ ಓದಿ ಕಾರಣ ಹುಡುಕತೊಡಗಿದರು. ಮೀನಿನ ಅಕ್ಕನ ಮಗ ಸೀಸೆಯನ್ನು ತಂಪಿನಲ್ಲಿಟ್ಟಿರಬಹುದು. ದಾರಿಯಲ್ಲಿ ಔಷಧ ಕೆಟ್ಟಿರಬಹುದು. ಅಥವಾ ಒಂದು ಕೊಡದ ನೀರಿನಂತೆ ಇನ್ನೊಂದು ಕೊಡದ್ದು ಇಲ್ಲದಿರಬಹುದು. ವಿತರಕರಿಗೆ ಫೋನು ಮಾಡಿದರೆ ತಮ್ಮ ಮಾಲಿನಲ್ಲಿ ದೋಷವಿಲ್ಲ ಎಂದರು. ನಾನು ಬೇರೆ ಬೇರೆ ಕಡೆ ವಿಚಾರಿಸಿದೆ, ಒಬ್ಬರ ಉತ್ತರ ಇನ್ನೊಬ್ಬರದಕ್ಕೆ ಕೂಡಲಿಲ್ಲ. ಹೊಲಸು ಎಲ್ಲಿಂದ ಸೇರಿತು ಎಂಬುದೂ ಕೊನೆಯವರೆಗೆ ತಿಳಿಯಲಿಲ್ಲ.

ಬಾವಿಗೆ ಬ್ಲೀಚಿಂಗ್ ಪುಡಿ ಹಾಕಿದರು. ಮತ್ತೊಮ್ಮೆ ಲ್ಯಾಬಿಗೆ ಕೊಟ್ಟಾಗ ನೀರು ಸರಿಯಿತ್ತು. ಮೊಮ್ಮಗಳೂ ಎದ್ದು ಓಡಾಡಿದಳು. ಸುದ್ದಿ ಬರೆಯಲು ಹೊರಟ ನನಗೆ ಬಾಯಿ ಹೇಳಿದರು: "ಬಾವಿ ಕೆಟ್ಟಿತ್ತು ಅಂತ ಬರೀಬೇಡ ತಮ್ಮಾ. ಆ ವಾರದ ನೀರು ಕೆಟ್ಟಿತ್ತು ಅಂತ ಬರಿ." ಹಾಗೇ ಬರೆದೆ. ಈಗಲೂ ನೀರಿನ ಸುದ್ದಿ ಬರೆಯುವಾಗ ಬಾವಿಯನ್ನೂ ನೀರನ್ನೂ ಬೇರೆ ಮಾಡಿಯೇ ಬರೆಯುತ್ತೇನೆ.

ಬಾವಿಕಟ್ಟೆಯ ಮಾತು ಹುಬ್ಬಳ್ಳಿಗೂ ಮುಟ್ಟಿತು. ತನ್ನ ಮಾಲನ್ನೇ ನಂಬುವುದಿಲ್ಲ ಎಂದ ಅಂಗಡಿಗೆ ಮಾಲು ಕಳಿಸುವುದನ್ನು ವಿತರಕರು ನಿಲ್ಲಿಸಿದರು. ಅದು ಸರಿಯೋ ತಪ್ಪೋ ಎಂದು ಕೇಳಿದರೆ ಬಾಯಿ ಭುಜ ಕುಣಿಸಿದರು. "ಅವ್ರ ಜಾಗದಾಗೆ ನಾನಿದ್ರೂ ಹಂಗೇ ಮಾಡ್ತಿದ್ನೇನೋ." ಗೋವಾದ ಪಾರ್ಸೆಲ್ಲಿನ ಮೇಲೆ ಅಂಗಡಿ ಇನ್ನಷ್ಟು ಕಾಲ ನಡೆಯಿತು.

ಕಳೆದ ವರ್ಷ ಅವರು ತೀರಿಕೊಂಡರು. ಅಂಗಡಿಯ ಜಾಗದಲ್ಲಿ ಈಗ ಮೊಬೈಲ್ ಕವರ್ ಮಾರುತ್ತಾರೆ.

ಈ ಬೇಸಗೆಯಲ್ಲಿ ಮೀನಿನ ಅಕ್ಕನ ಫೋನು ಬಂತು. ಬಾವಿಯ ನೀರು ಮತ್ತೆ ಒಂದು ನಮೂನೆ ವಾಸನೆ ಹೊಡೆಯುತ್ತಿದೆ, ಮಗ ಮೊಬೈಲಿನಲ್ಲಿ ಯಾವುದೋ ಕಿಟ್ ತರಿಸಿದ್ದಾನೆ, ಅದು ಹಸಿರು ತೋರಿಸುತ್ತಿದೆ. ಹಸಿರೆಂದರೆ ಒಳ್ಳೆಯದೋ ಕೆಟ್ಟದ್ದೋ ಎಂದು ಕೇಳಿದರು. ಆ ಕಿಟ್‌ನ ಹೆಸರನ್ನೇ ನಾನು ಕೇಳಿರಲಿಲ್ಲ. ಮಾರುವವರ ಪುಟ ತೆರೆದು ನೋಡಿದೆ. ನೂರಕ್ಕೆ ನೂರು ಖಾತ್ರಿ ಎಂದಿತ್ತು. ಅದರ ಕೆಳಗಿನ ಕಿಟ್‌ನದೂ ಅದೇ ಮಾತು, ಅದರ ಕೆಳಗಿನದ್ದೂ ಅದೇ. ಲ್ಯಾಬಿಗೆ ಕೊಡಿ, ಅಲ್ಲಿಯವರೆಗೆ ಕುದಿಸಿ ಕುಡಿಯಿರಿ ಎಂದೆ. ಹಸಿರು ಸಾಮಾನ್ಯವಾಗಿ ಒಳ್ಳೆಯದಿರಬೇಕು, ಆದರೆ ಎಲ್ಲ ಕಿಟ್‌ನಲ್ಲೂ ಹಾಗಲ್ಲ, ವಾಸನೆ ಬೇರೆ ಕಾರಣಕ್ಕೂ ಬರಬಹುದು ಎಂದು ಏನೇನೋ ಹೇಳುತ್ತಾ ಹೋದೆ.

ಮೀನಿನ ಅಕ್ಕ ನನ್ನ ಮಾತು ತಡೆದರು.

"ಬಾಯಿ ಇದ್ದಿದ್ರೆ ಗೊತ್ತಿಲ್ಲ ಅಂತ ಸೀದಾ ಹೇಳ್ತಿದ್ರು ತಮ್ಮಾ," ಎಂದರು.