ಊರು ಸಿಟಿಯಾಗುವುದರೊಳಗೆ

ನಮ್ಮ ಕಡೆಯ ನಾಲ್ಕು ಊರುಗಳಿಗೆ ಹಿಡಿದಿರುವುದು ಒಂದೇ ಹುಚ್ಚು. ಶಿಗ್ಗಾಂವದವರು ಹೈವೇ ತೋರಿಸಿ, ಮೊದಲು ಸಿಟಿ ಆಗುವವರು ನಾವೇ ಅನ್ನುತ್ತಾರೆ. ಸವಣೂರಿನವರು ನವಾಬರ ಕಾಲದ ಮಾತು ತೆಗೆಯುತ್ತಾರೆ. ಹಿರೇಕೆರೂರಿನವರು ಗೋವಿನಜೋಳದ ಲಾರಿಗಳ ಸಾಲು ತೋರಿಸುತ್ತಾರೆ. ಹಾನಗಲ್ಲಿನವರಿಗಂತೂ ತಮ್ಮ ಹಳೆಯ ಗುಡಿಯ ಮುಂದೆ ಉಳಿದ ಮೂರೂ ಊರು ನಿನ್ನೆ ಮೊನ್ನೆಯವು. ಇವುಗಳಲ್ಲಿ ನಮ್ಮದು ಯಾವುದೆಂದು ನಾನು ಹೇಳುವುದಿಲ್ಲ. ಹೇಳಿದರೆ ನಾಳೆ ಬೆಳಿಗ್ಗೆ ಅಂಗಡಿ ಮುಂದೆ ಜಗಳ ನಿಲ್ಲುತ್ತದೆ.

ಅಂಗಡಿ ಎಂದರೆ ನನ್ನ ಬೀಜ-ಗೊಬ್ಬರದ ಅಂಗಡಿ. ಅದರ ಮುಂದಿನ ಗಟಾರ ಮಳೆಗಾಲದಲ್ಲಿ ಒಳಗೇ ಬಂದು ಕೂರುತ್ತದೆ. ಹೀಗಾಗಿ ಪುರಸಭೆ ಹೋಗಿ ನಗರಸಭೆ ಬರಲಿ ಎಂದು ಗಂಟಲು ಹರಿದುಕೊಂಡವರಲ್ಲಿ ನಾನೂ ಒಬ್ಬ. ದೊಡ್ಡ ರಸ್ತೆ, ಒಳಚರಂಡಿ, ದಿನಾ ನೀರು! ನಗರಸಭೆಗೆ ಬೇಕಾದಷ್ಟು ಜನ ಸಾಲದ್ದಕ್ಕೆ ಸುತ್ತಲಿನ ಹಳ್ಳಿಗಳನ್ನೂ ಸೇರಿಸಿಕೊಳ್ಳುತ್ತಾರಂತೆ ಎಂದಾಗ, ಹಳ್ಳಿಯಿಂದ ಗೊಬ್ಬರಕ್ಕೆ ಬಂದ ಹಿರಿಯರೊಬ್ಬರು ನಕ್ಕರು.

"ಹೊಟ್ಟಿಗಿ ಹಿಟ್ಟಿಲ್ಲ, ಜುಟ್ಟಿಗಿ ಮಲ್ಲಿಗಿ ಹೂ. ನಮ್ಮ ಉದ್ಯೋಗ ಖಾತ್ರಿ ಕೂಲಿ ನಿಂತು ಹೋಗತೈತಿ, ಮನಿ ಕರದ ಪಟ್ಟಿ ಏರತೈತಿ. ನಿಮ್ಮ ಗಟಾರ ನಮ್ಮ ಕೆರಿಗಿ ಬರತೈತಿ, ಅಷ್ಟ ನೋಡ್ರಿ."

ನಾನು ಸಿಟ್ಟಿನಿಂದ ಚೀಲ ತೂಗಿದೆ. ಊರು ಬೆಳೆಯುವುದು ಬೇಡ ಅನ್ನುವವರಿಗೆ ಏನು ಹೇಳುವುದು?

ಮನೆಯಲ್ಲಿ ಅವ್ವ ಕೇಳಿದ್ದು ಒಂದೇ ಪ್ರಶ್ನೆ. "ನಮ್ಮ ಹೊಲಾನೂ ಸಿಟಿ ಒಳಗ ಬರತೈತೇನಪಾ?"

"ಬರತೈತಬೇ. ರೇಟು ಎಲ್ಲಿಗೆ ಹೋಗತೈತಿ ನೋಡು" ಎಂದೆ. ಅವಳು ಎಲೆ-ಅಡಿಕೆಯ ಸಂಚಿ ಬಿಚ್ಚಿ ಕುಳಿತಳು.

ನಮ್ಮಲ್ಲಿ ಸತ್ತವರನ್ನು ಸುಡುವುದಿಲ್ಲ, ಮಣ್ಣು ಮಾಡುತ್ತೇವೆ. ಹೊಲ ಇದ್ದವರು ಹೊಲದಲ್ಲೇ. ಅಪ್ಪನ ಗದ್ದಿಗೆ ನಮ್ಮ ಹೊಲದ ಮೂಲೆಯ ಬೇವಿನ ಕೆಳಗಿದೆ. ಅದರ ಪಕ್ಕ ಒಂದು ಆಳಿನಷ್ಟು ಜಾಗವನ್ನು ಅವ್ವ ಎಂದೂ ಬಿತ್ತಲು ಬಿಟ್ಟಿಲ್ಲ. ಆಳುಗಳು ಕೂರಿಗೆ ಅತ್ತ ತಿರುಗಿಸಿದರೆ, "ಏ, ಅದು ನಂದು, ದಾಟಿ ಹೋಗ್ರಿ" ಎಂದು ಬದುವಿನಿಂದಲೇ ಕೂಗುತ್ತಿದ್ದಳು. ಎಲ್ಲರೂ ನಗುತ್ತಿದ್ದರು. ಅವಳೂ ನಗುತ್ತಿದ್ದಳು.

ಈ ಬೇಸಿಗೆಯ ಕೊನೆಗೆ ಪಕ್ಕದ ಹೊಲದ ಮುದುಕರು ತೀರಿಕೊಂಡರು. ನಮ್ಮಿಬ್ಬರ ನಡುವಿನ ಬದುವೇ ಊರಿನ ಗಡಿ: ಈಚೆ ನಮ್ಮದು ಪಂಚಾಯಿತಿ, ಆಚೆ ಅವರದು ಪುರಸಭೆ. ಅಲ್ಲಿಯೂ ಹೊಲದಲ್ಲಿ ಮಣ್ಣು ಮಾಡಿದರೆ ಇಷ್ಟು ವರ್ಷ ಯಾರೂ ಕೇಳಿರಲಿಲ್ಲ. ಆದರೆ ಈಗ ಅವರ ಹೊಲಕ್ಕೆ ತಾಗಿ ಹೊಸ ಲೇಔಟು ಎದ್ದಿದೆ. ಅಲ್ಲಿ ಮನೆ ಕಟ್ಟಿಸಿದವರು ಕಿಟಕಿಯ ಮುಂದೆ ಹೆಣ ಹೂಳುತ್ತಾರೆಂದು ದೂರು ಕೊಟ್ಟರು. ಕುಣಿ ತೋಡಿ ಮುಗಿದಿತ್ತು, ಬಾಜಾ ಬಜಂತ್ರಿ ಹೊಲದವರೆಗೂ ಬಂದಿತ್ತು. ಅಷ್ಟರಲ್ಲಿ ಪುರಸಭೆಯ ಜೀಪು ಬಂತು. ಸ್ಮಶಾನಕ್ಕೆ ಒಯ್ಯಿರಿ, ಪುರಸಭೆಯ ಗಡಿಯೊಳಗೆ ಹೊಲದಲ್ಲಿ ಹೂಳಲು ಕಾನೂನಿಲ್ಲ ಎಂದರು. ಕೂಗಾಟವಾಯಿತು, ಹೆಣ್ಣುಮಕ್ಕಳು ಎದೆ ಬಡಿದುಕೊಂಡರು. ಕಡೆಗೆ ಹೆಣವನ್ನು ಹೊತ್ತು ತಂದ ದಾರಿಯಲ್ಲೇ ತಿರುಗಿ ಒಯ್ದರು.

ಆ ಗದ್ದಲದಲ್ಲಿ ಕುಣಿ ಮುಚ್ಚುವುದನ್ನು ಎಲ್ಲರೂ ಮರೆತರು. ತೋಡಿದ ಕುಣಿಯನ್ನು ನಮ್ಮವರು ಖಾಲಿ ಬಿಡುವುದಿಲ್ಲ. ಏನೂ ಇಲ್ಲದಿದ್ದರೆ ಒಂದು ಹಿಡಿ ಜೋಳವನ್ನಾದರೂ ಹಾಕಿ ಮುಚ್ಚಬೇಕು. ಅವ್ವ ಬದುವಿನ ಮೇಲೆ ನಿಂತು ಬಹಳ ಹೊತ್ತು ಅದನ್ನೇ ನೋಡಿದಳು.

"ಖಾಲಿ ಕುಣಿ ಸುಮ್ಮನ ಇರೂದಿಲ್ಲ. ಯಾರನರ ಕರೀತೈತಿ" ಎಂದಳು.

"ಏನರ ಮಾತಾಡಬ್ಯಾಡಬೇ, ನಡಿ" ಎಂದು ಗದರಿಸಿ ಕೈ ಹಿಡಿದು ಕರೆತಂದೆ. ಅವಳ ಕೈ ತಣ್ಣಗಿತ್ತು. ನನಗೆ ಹೆದರಿಕೆಯಾಯಿತು.

ಮಳೆ ಹಿಡಿದ ಮೇಲೆ ಆ ಕುಣಿಯಲ್ಲಿ ಕೆಂಪು ನೀರು ನಿಂತಿತು. ನಮ್ಮ ಹೊಲದ ಇನ್ನೊಂದು ತುದಿಯ ಬದುವಿಗೆ ಅಳತೆಯವರು ಬಂದು ಸಿಟಿಯ ಹೊಸ ಗಡಿಯ ಕಲ್ಲು ನೆಟ್ಟು, ಅದಕ್ಕೆ ಬಿಳಿ ಬಣ್ಣ ಬಳಿದು ಹೋದರು. ನಗರಸಭೆಯ ಆದೇಶ ಇವತ್ತು ಬಂತು, ನಾಳೆ ಬಂತು ಎಂದು ಅಂಗಡಿಯಲ್ಲಿ ದಿನಾ ಸುದ್ದಿ. ಮನೆಯಲ್ಲಿ ಅವ್ವ ಮಾತ್ರ ಇಳಿಯುತ್ತಾ ಹೋದಳು. ಎದ್ದರೆ ತಲೆ ತಿರುಗು, ಕೂತರೆ ಏದುಸಿರು. ಡಾಕ್ಟರು ಬೀಪಿ ನೋಡಿ, ಗುಳಿಗೆ ಬಿಟ್ಟಿದ್ದಾರೇನು ಎಂದು ಕೇಳಿದರೆ, ನನ್ನ ಹೆಂಡತಿ, ದಿನಾ ನಾನೇ ಕೈಗೆ ಕೊಡುತ್ತೇನೆ ಎಂದು ಕಣ್ಣೀರು ಹಾಕಿದಳು.

ಅವಳು ಸುಳ್ಳು ಹೇಳಿರಲಿಲ್ಲ. ಮರುದಿನ ಅವ್ವನಿಗೆ ಸವಣೂರ ಎಲೆ ತಂದು ನಾನೇ ಸಂಚಿಯಲ್ಲಿಡಲು ಹೋದರೆ, ಅಡಿಕೆಯ ಗೂಡಿನಲ್ಲಿ ಗುಳಿಗೆಗಳು ತುಂಬಿದ್ದವು.

"ಇದೇನಬೇ ಇದು? ಸಾಯಬೇಕಂತ ಮಾಡಿಯೇನು?" ಎಂದು ಕಿರುಚಿದೆ.

ಅವಳಿಗೆ ಸಿಟ್ಟೂ ಇಲ್ಲ, ಅಳುವೂ ಇಲ್ಲ. "ಮುದುಕರಿಗೆ ಊರು ಹೋಗ ಅಂತೈತಿ, ಕಾಡು ಬಾ ಅಂತೈತಿ ಅಂತಿದ್ರು. ಈಗ ನೋಡಿದ್ರ ಕಾಡೂ ಬ್ಯಾಡ ಅನ್ನಾಕತ್ತೈತಿ. ಆ ಆರ್ಡರು ಬರೂದ್ರೊಳಗ ಹೋದ್ರ ನಿಮ್ಮಪ್ಪನ ಬಾಜೂಕ ಕುಂದರತೇನಿ. ತಡಾ ಆದ್ರ ನನ್ನ ಎಲ್ಲಿ ಒಯ್ಯತೀರೋ, ಯಾರ ನಡುವ ಹಾಕತೀರೋ!"

ನಾನು ಕೂಗಿ ಕೂಗಿ ಕರೆದ ಸಿಟಿಯ ಜೊತೆ ನನ್ನ ಅವ್ವ ಓಟಕ್ಕೆ ನಿಂತಿದ್ದಾಳೆ, ಸಾಯುವ ಓಟಕ್ಕೆ! ಸಂಜೆಗೆ ಮನೆಗೆ ಒಂದು ಸುಳ್ಳು ತಂದೆ.

"ಯವ್ವಾ, ಅದು ಕ್ಯಾನ್ಸಲ್ ಆತು. ನಮ್ಮ ಹೊಲ ಪಂಚಾಯ್ತಿದಾಗ ಉಳೀತು."

"ಖರೇನ?"

"ನಿನ್ನಾಣಿ."

ಅವತ್ತೇ ಗುಳಿಗೆ ನುಂಗಿದಳು. ದಿನ ಕಳೆದಂತೆ ಮುಖಕ್ಕೆ ಕಳೆ ಬಂತು. ಹೊಲಕ್ಕೆ ಕರೆದೊಯ್ದರೆ ಅಪ್ಪನ ಗದ್ದಿಗೆ ಗುಡಿಸಿ, ತನ್ನ ಜಾಗದ ಹುಲ್ಲು ಕಿತ್ತಳು. ಬಿಳಿ ಕಲ್ಲು ಅವಳಿಗೆ ಕಾಣದಂತೆ ನಾನು ಅಡ್ಡ ನಿಂತಿದ್ದೆ. ಊರಿನ ಯಾರಾದರೂ ಮನೆಗೆ ಬಂದರೆ ನನ್ನ ಜೀವ ಹೋಗಿ ಬರುತ್ತಿತ್ತು. ಪೇಪರನ್ನು ಅಂಗಡಿಗೇ ಹಾಕಿಸಿಕೊಂಡೆ.

ಆಷಾಢದ ಒಂದು ಬೆಳಿಗ್ಗೆ ಊರ ನಾಲ್ಕೂ ದಿಕ್ಕಿಗೆ ಪಟಾಕಿ ಹಾರಿದವು. ಅವ್ವ ಆಗಷ್ಟೇ ಗುಳಿಗೆಯನ್ನು ಅಂಗೈಯಲ್ಲಿ ಇಟ್ಟುಕೊಂಡಿದ್ದಳು.

"ಏನೋ ಅದು ಸಪ್ಪಳ?"

"ಯಾರದೋ ಮದುವಿ ಇರಬೇಕಬೇ."

"ಆಷಾಢದಾಗ?"

ನಾನು ಚಹಾದ ಕಪ್ಪಿನಿಂದ ಮುಖ ಎತ್ತಲಿಲ್ಲ. ಹೊರಗೆ ಇನ್ನೊಂದು ಸರ ಸಿಡಿಯಿತು. ಅವಳ ಕೈ ಸಂಚಿಯ ಕಡೆ ಹೋಯಿತು. ಗುಳಿಗೆ ಮತ್ತೆ ಅಡಿಕೆಯ ಗೂಡಿಗೆ ಹೋಗುತ್ತದೆ ಎಂದುಕೊಂಡೆ. ಇಲ್ಲ. ಸಂಚಿಯನ್ನು ಪಕ್ಕಕ್ಕೆ ಸರಿಸಿ, ಗುಳಿಗೆ ಬಾಯಿಗೆ ಹಾಕಿಕೊಂಡು ನೀರು ಕುಡಿದಳು.

"ಇನ್ನ ಅವಸರ ಏನೈತಿ, ಬಿಡಪಾ" ಎಂದಳು.

ಅಂದಿನಿಂದ ಗುಳಿಗೆ ಒಂದು ದಿನವೂ ತಪ್ಪಿಸಿಲ್ಲ. ಹೊಲಕ್ಕೆ ಕರೆದುಕೊಂಡು ಹೋಗು ಎಂದು ಒಮ್ಮೆಯೂ ಕೇಳಿಲ್ಲ.