ಪರವಾಗಿಲ್ಲ ಎಂದದ್ದು

ನಾನು ಹನ್ನೊಂದು ವರ್ಷ ಗಣಿತ ಕಲಿಸಿದ ಶಾಲೆ ಅಮೆರಿಕದ ಸಮರ್‌ಸೆಟ್‌ನ ನನ್ನ ಅಪಾರ್ಟ್‌ಮೆಂಟಿನಿಂದ ಇಪ್ಪತ್ತು ನಿಮಿಷದ ಡ್ರೈವ್. ಅದು ಚಾರ್ಟರ್ ಶಾಲೆ. ಅಂದರೆ ನಡೆಯುವುದು ಸರ್ಕಾರದ ಹಣದಲ್ಲೇ, ಆದರೆ ಊರಿನ ಶಾಲಾ ಮಂಡಳಿಯ ಅಂಕೆಯಲ್ಲಿಲ್ಲ. ಇಂತಿಂಥದ್ದನ್ನು ಇಷ್ಟಿಷ್ಟು ಕಲಿಸುತ್ತೇವೆ ಎಂದು ರಾಜ್ಯಕ್ಕೆ ಬರೆದುಕೊಟ್ಟು ಪಡೆದ ಅನುಮತಿಯೇ ಚಾರ್ಟರ್. ಕಾನೂನಿನ ಪ್ರಕಾರ ಅದು ಐದು ವರ್ಷಕ್ಕೊಮ್ಮೆ ನವೀಕರಣವಾಗಬೇಕು. ಆಗದಿದ್ದರೆ ಶಾಲಾ ವರ್ಷ ಮುಗಿಯುವ ಜೂನ್ ತಿಂಗಳಿಗೆ ಬಾಗಿಲು ಬಂದ್.

ಗಂಡ ತೀರಿಕೊಂಡ ಮೇಲೆ ನನ್ನ ಹೆಸರನ್ನು ಯಾರಾದರೂ ದಿನಾ ಕರೆಯುತ್ತಿದ್ದ ಜಾಗ ಅದೊಂದೇ. ಮಕ್ಕಳು ಆ ಹೆಸರನ್ನು ಮೂರು ಬಗೆಯಲ್ಲಿ ತಪ್ಪಾಗಿ ಕರೆಯುತ್ತಿದ್ದರು, ನಾನು ಮೂರಕ್ಕೂ ತಿರುಗುತ್ತಿದ್ದೆ. ರಜೆ ಮುಗಿಸಿ ಹೋದ ಬೆಳಿಗ್ಗೆ ಗುಡ್ ಮಾರ್ನಿಂಗ್ ಎನ್ನಲು ಹೋದರೆ ದನಿಯೇ ಹೊರಡುತ್ತಿರಲಿಲ್ಲ. ಅಷ್ಟೂ ದಿನ ಮನೆಯಲ್ಲಿ ಯಾರೊಡನೆಯೂ ಮಾತಾಡಿರುತ್ತಿರಲಿಲ್ಲ. ಹಾಗಾಗಿ ನವೀಕರಣದ ವರ್ಷ ಬಂದಾಗ ಎಲ್ಲರಿಗಿಂತ ಹೆಚ್ಚು ಹೆದರಿದ್ದು ನಾನೇ ಇರಬೇಕು.

ಶರತ್ಕಾಲದಲ್ಲಿ ರಾಜ್ಯದ ತಂಡ ಬಂತು. ತರಗತಿಗಳನ್ನು ನೋಡಿದರು. ಆಮೇಲೆ ಪ್ರಿನ್ಸಿಪಾಲರನ್ನು ಹೊರಗಿಟ್ಟು ಶಿಕ್ಷಕರನ್ನಷ್ಟೇ ಲೈಬ್ರರಿಯಲ್ಲಿ ಕೂರಿಸಿಕೊಂಡರು. ಲ್ಯಾಪ್‌ಟಾಪ್ ತೆರೆದು ಕೂತಿದ್ದ ಒಬ್ಬಾತ ಕೇಳಿದ: ಇಲ್ಲಿ ನಿಮಗೆ ಸಿಗುವ ಬೆಂಬಲ ಹೇಗಿದೆ?

ನನ್ನ ಜೊತೆಯವರು ಅಮೇಜಿಂಗ್ ಅಂದರು, ಇದು ನಮ್ಮ ಕುಟುಂಬ ಅಂದರು. ಎಷ್ಟು ಬೆಣ್ಣೆ ಹಚ್ಚುತ್ತಾರಪ್ಪ ಎಂದುಕೊಂಡೆ. ನನ್ನ ಸರದಿ ಬಂದಾಗ ಮನಸಾರೆ ಹೇಳಿದೆ: "ನಾಟ್ ಬ್ಯಾಡ್. ವಿ ಅಡ್ಜಸ್ಟ್."

ಮೈಸೂರಿನ ನಮ್ಮ ಮನೆಯಲ್ಲಿ ಪರವಾಗಿಲ್ಲ ಎನ್ನುವುದಕ್ಕಿಂತ ದೊಡ್ಡ ಹೊಗಳಿಕೆ ಇರಲಿಲ್ಲ. ನನಗೆ ಎಂ.ಎಸ್ಸಿ.ಯಲ್ಲಿ ರ‍್ಯಾಂಕ್ ಬಂದ ದಿನ ನಮ್ಮಪ್ಪ ಪೇಪರಿನಿಂದ ತಲೆಯೆತ್ತಿ "ಪರವಾಗಿಲ್ವೆ" ಅಂದರು, ಆಮೇಲೆ ಎದ್ದು ಹೋಗಿ ಇಡೀ ಬೀದಿಗೆ ಸಿಹಿ ಹಂಚಿದರು. ಇನ್ನು ಒಬ್ಬರಿಗೊಬ್ಬರು ಅಡ್ಜಸ್ಟ್ ಮಾಡಿಕೊಂಡು ಹೋಗುವ ಮನೆಯೆಂದರೆ ನಮ್ಮ ಕಡೆ ಒಳ್ಳೆಯ ಮನೆ ಎಂದೇ ಅರ್ಥ. ಲ್ಯಾಪ್‌ಟಾಪಿನವನು ನನ್ನ ಇಂಗ್ಲಿಷ್ ಮಾತನ್ನು ಹಾಗೇ ಬರೆದುಕೊಂಡ.

ನಿರ್ಧಾರಕ್ಕೆ ಮುಂಚೆ ವರದಿಯ ಪ್ರತಿ ಶಾಲೆಗೆ ಬಂತು. ತಪ್ಪಿದ್ದರೆ ಉತ್ತರ ಕೊಡಲು ಕೆಲವು ದಿನಗಳ ಅವಕಾಶವಿತ್ತು. ಪರೀಕ್ಷೆಯ ಅಂಕಗಳು ಸತತವಾಗಿ ಕಡಿಮೆಯಾಗಿದ್ದವು, ಅದಕ್ಕೆ ಯಾರೂ ಏನೂ ಹೇಳುವಂತಿರಲಿಲ್ಲ. ಕೆಳಗೆ ಇನ್ನೊಂದು ಸಾಲಿತ್ತು: ಇಲ್ಲಿನ ಬೆಂಬಲ ನಾಟ್ ಬ್ಯಾಡ್ ಎಂದೂ, ಇರುವ ಸ್ಥಿತಿಗೆ ತಾವು ಹೊಂದಿಕೊಳ್ಳುತ್ತಿರುವುದಾಗಿಯೂ ಅನುಭವಿ ಶಿಕ್ಷಕರೊಬ್ಬರು ತಿಳಿಸಿದ್ದಾರೆ. ಪ್ರಿನ್ಸಿಪಾಲ್ ಅದನ್ನು ಓದಿದಾಗ ಸ್ಟಾಫ್ ರೂಮಿನಲ್ಲಿ ಯಾರೂ ನನ್ನತ್ತ ನೋಡಲಿಲ್ಲ. ನೋಡಿ ಬೈದಿದ್ದರೆ ವಾಸಿಯಿತ್ತು.

ಪಕ್ಕದೂರು ಪಿಸ್ಕಾಟವೇಯಲ್ಲಿರುವ ಚಿಕ್ಕಮ್ಮನ ಮಗಳಿಗೆ ಫೋನ್ ಮಾಡಿದೆ.

"ಅಯ್ಯೋ ಅಕ್ಕ, ನಾಟ್ ಬ್ಯಾಡ್ ಅಂದ್ರೆ ಇಲ್ಲಿ ಜಸ್ಟ್ ಪಾಸ್ ಅಂತ. ನೀನೂ ಅಮೇಜಿಂಗ್ ಅನ್ಬೇಕಿತ್ತು."

"ಸುಳ್ಳು ಹೇಳಕ್ಕಾಗತ್ತೇನೆ?"

"ಸುಳ್ಳಲ್ಲ ಅಕ್ಕ, ಅದೇ ಇಲ್ಲಿನ ಪರವಾಗಿಲ್ಲ. ಸರಿ, ಮಕ್ಕಳನ್ನ ಪಿಕಪ್ ಮಾಡ್ಬೇಕು, ಆಮೇಲೆ ಮಾಡ್ತೀನಿ," ಎಂದಳು. ಆಮೇಲೆ ಮಾಡಲಿಲ್ಲ.

ಎರಡು ದಿನ ಕೂತು ರಾಜ್ಯಕ್ಕೆ ಒಂದು ಪತ್ರ ಬರೆದೆ. ಅವರು ಶಾಲೆಯನ್ನು ಅಳೆಯುವ ಪಟ್ಟಿಯಲ್ಲಿ ಮಕ್ಕಳ ಕಲಿಕೆಗೆ, ಲೆಕ್ಕಪತ್ರಕ್ಕೆ, ಆಡಳಿತಕ್ಕೆ ಜಾಗವಿತ್ತು. ಒಬ್ಬ ಹೆಂಗಸಿಗೆ ಬೆಳಿಗ್ಗೆ ಎದ್ದು ಹೋಗಲು ಬೇರೆ ಜಾಗವಿಲ್ಲ ಎಂಬುದಕ್ಕೆ ಇರಲಿಲ್ಲ. ಇರಲೂಬಾರದು, ಶಾಲೆ ಇರುವುದು ಮಕ್ಕಳಿಗಾಗಿ. ಅದು ಗೊತ್ತಿದ್ದೂ ಅತ್ತುಬಿಟ್ಟೆ. ಕೊನೆಗೆ ಒಂದೇ ಪುಟ ಉಳಿಯಿತು. ನನ್ನ ಮಾತಿನ ಅರ್ಥ ಬೇರೆಯಿತ್ತು, ನಾನು ಕೆಲಸ ಮಾಡಿದ ಜಾಗಗಳಲ್ಲೆಲ್ಲ ಇದೇ ಅತ್ಯುತ್ತಮವಾದದ್ದು, ಈ ಶಾಲೆಯೆಂದರೆ ನನಗೆ ಬಹಳ ಪ್ರೀತಿ ಎಂದು ಬರೆದೆ. ಬರೆಯುವಾಗ ಕೈಗೇ ನಾಚಿಕೆಯಾಯಿತು. ಶಾಲೆಯ ಉತ್ತರದ ಜೊತೆ ಕಳಿಸಿ ಎಂದು ಪ್ರಿನ್ಸಿಪಾಲರ ಮೇಜಿನ ಮೇಲಿಟ್ಟು ಬಂದೆ.

ಚಾರ್ಟರ್ ನವೀಕರಣವಾಗಲಿಲ್ಲ. ಆದೇಶದಲ್ಲಿ ಇದ್ದ ಕಾರಣ ಅಂಕಗಳದ್ದು ಮಾತ್ರ, ನನ್ನ ಮಾತಿನ ಸುಳಿವೇ ಇರಲಿಲ್ಲ. ಅದರಿಂದ ನನಗೇನೂ ಸಮಾಧಾನವಾಗಲಿಲ್ಲ.

ಜೂನ್‌ನ ಕೊನೆಯ ದಿನ ಪ್ರಿನ್ಸಿಪಾಲ್ ಮತ್ತು ನಾನು ಗಣಿತದ ಪುಸ್ತಕಗಳನ್ನು ಪೆಟ್ಟಿಗೆಗೆ ತುಂಬುತ್ತಿದ್ದೆವು. ಆಕೆ ನನಗಿಂತ ಹತ್ತು ವರ್ಷ ಚಿಕ್ಕವರು. ಟೇಪ್ ಅಂಟಿಸುತ್ತಾ ಇಂಗ್ಲಿಷಿನಲ್ಲಿ ಹೇಳಿದರು: "ನಿಮ್ಮ ಪತ್ರ ಓದುವ ತನಕ ನಿಮಗೆ ಈ ಶಾಲೆ ಹಿಡಿಸುವುದಿಲ್ಲ ಅಂತಲೇ ತಿಳಿದಿದ್ದೆ. ಹೇಗಿದ್ದೀರಿ ಅಂತ ಯಾವಾಗ ಕೇಳಿದರೂ ನಾಟ್ ಬ್ಯಾಡ್ ಅನ್ನುತ್ತಿದ್ದಿರಿ. ಹೇಗೋ ಸಹಿಸಿಕೊಂಡಿದ್ದಾರೆ, ಇನ್ನೂ ಯಾಕೆ ತೊಂದರೆ ಕೊಡೋದು ಅಂತ ಶುಕ್ರವಾರ ನಿಮ್ಮನ್ನು ಕರೆಯುತ್ತಿರಲಿಲ್ಲ."

"ಶುಕ್ರವಾರ ಏನು?" ಎಂದೆ.

"ಶಾಲೆ ಬಿಟ್ಟ ಮೇಲೆ ನಾವೆಲ್ಲ ಎದುರಿನ ಡೈನರ್‌ಗೆ ಕಾಫಿಗೆ ಹೋಗುತ್ತಿದ್ದೆವಲ್ಲ, ಮೊದಲ ವರ್ಷದಿಂದಲೂ."

ನನಗೆ ಗೊತ್ತೇ ಇರಲಿಲ್ಲ. ಅವರಿಗೆಲ್ಲ ಮನೆಯಲ್ಲಿ ಕಾಯುವವರಿರುತ್ತಾರೆ, ನನ್ನ ಜೊತೆ ಮಾತಿಗೆ ನಿಂತು ತಡವಾಗುವುದು ಬೇಡ ಎಂದು ಪ್ರತಿ ಶುಕ್ರವಾರ ನಾನೇ ಎಲ್ಲರಿಗಿಂತ ಮೊದಲು ಕಾರು ತೆಗೆದು ಹೊರಟುಬಿಡುತ್ತಿದ್ದೆ.