ರೂಟರಿಗೆ ಹೊಲಿದ ಕೌದಿ

ಅವ್ವ ಮಧ್ಯಾಹ್ನ ಮಲಗಿದರೆ ಈಗಲೂ ನಾನು ಸದ್ದಾಗದಂತೆ ನಡುಮನೆಗೆ ಹೋಗಿ ಅವಳ ತಲೆಯ ಹಿಂದಿನ ಗೋಡೆಯನ್ನು ಅಂಗೈಯಿಂದ ಮುಟ್ಟಿ ನೋಡುತ್ತೇನೆ. ಗೋಡೆ ತಣ್ಣಗಿರುತ್ತದೆ. ಅಲ್ಲಿ ಈಗ ವೈರೂ ಇಲ್ಲ, ಪ್ಲಗ್ಗೂ ಇಲ್ಲ. ಆದರೂ ಮುಟ್ಟುತ್ತೇನೆ. ಆ ಗೋಡೆಗೆ ಒರಗಿಸಿಟ್ಟಿದ್ದ ಕೌದಿಗಳೊಳಗೆ ಬೆಂಕಿ ಹುಟ್ಟುತ್ತಿದ್ದಾಗ ಅವ್ವ ಕೈಯಳತೆಯಲ್ಲೇ ನಿದ್ದೆಹೋಗಿದ್ದಳು. ಅದು ನನ್ನ ಗಮನಕ್ಕೆ ಬಂದದ್ದು ಒಂದು ಮೇಲ್ ಹೋಗದೆ ಹಟ ಹಿಡಿದದ್ದರಿಂದ.

ಕೊಟ್ಟೂರಿನ ನಮ್ಮ ಮನೆಯಲ್ಲಿ ಇರುವವರು ಅವ್ವ ಮತ್ತು ನಾನು. ಎಂ.ಎ. ಮುಗಿಸಿದ ಮೇಲೆ ನಾನು ಮನೆಯಲ್ಲೇ ಕುಳಿತು ಪುಸ್ತಕಗಳ ಪುಟ ಜೋಡಿಸುವ ಕೆಲಸ ಹಿಡಿದೆ. ಮುಗಿದ ಪುಟಗಳನ್ನು ಹರಪನಹಳ್ಳಿಯ ಒಂದು ಮುದ್ರಣಾಲಯಕ್ಕೆ ಮೇಲ್‌ನಲ್ಲಿ ಕಳಿಸುತ್ತೇನೆ. ಅವ್ವ ಹಳೆಯ ಸೀರೆ, ಲಂಗ, ಅಂಗಿಗಳನ್ನು ಕತ್ತರಿಸಿ ಕೌದಿ ಹೊಲಿಯುತ್ತಾಳೆ. ಹೊದೆಯಲು, ಹಾಸಲು ಮಾತ್ರವಲ್ಲ. ಮನೆಗೆ ಯಾವ ಯಂತ್ರ ಬಂದರೂ ಅದರ ಅಳತೆಗೆ ಒಂದು ಪುಟ್ಟ ಕೌದಿ ಆಗಲೇಬೇಕು. ಮಿಕ್ಸಿಗೆ ಒಂದಿದೆ, ಟೀವಿಗೆ ಒಂದಿದೆ, ನನ್ನ ಕಂಪ್ಯೂಟರಿಗೆ ಅಂಚು ಕಟ್ಟಿದ್ದು ಒಂದಿದೆ.

ಹೊಸ ರೂಟರ್ ಬಂದಾಗ ಅದಕ್ಕೂ ಹೊಲಿದಳು. ಅದರ ಎರಡು ಆಂಟೆನಾ ಹೊರಗೆ ಬರಲೆಂದು ಎರಡು ತೂತು ಬಿಟ್ಟು, ತೂತಿನ ಸುತ್ತ ಕಾಜಾ ಹೊಲಿಗೆ ಹಾಕಿದಳು. ಹಾಕಿ ನೋಡಿದರೆ ನಡುಮನೆಯ ಗೋಡೆಯ ಗೂಡಿನಲ್ಲಿ ಮೊಲ ಕೂತಂತಿತ್ತು. ಹಳೆಯ ರೂಟರ್ ಒಯ್ಯಲು ಮರುದಿನ ಬಂದ ನೆಟ್ ಕಂಪನಿಯವನು ನಕ್ಕುಬಿಟ್ಟ.

"ಇದಕ್ಕೂ ಚಳಿ ಆಗ್ತೈತೇನ್ರಿ ಅಮ್ಮ?"

"ಚಳಿಗಲ್ಲಪಾ, ಧೂಳಿಗೆ. ನಮ್ಮ ಮನಿ ನೀ ಒಂದಿನ ಕಸ ಹೊಡದು ನೋಡು, ನೀನೂ ಒಂದು ಹೊಲಿಸ್ಕೊಂಡು ಹೋಗ್ತಿ."

ಗೂಡಿನ ಹತ್ತಿರ ಪ್ಲಗ್ ಇರಲಿಲ್ಲ. ಕೆಳಗೆ ಟ್ರಂಕಿನ ಹಿಂದೆ ಒಂದು ಹಳೆಯ ಎಕ್ಸ್‌ಟೆನ್ಷನ್ ಬಾಕ್ಸ್ ಇತ್ತು. ಫ್ರಿಜ್ಜಿನ ವೈರು ಮೊದಲಿನಿಂದಲೂ ಅದಕ್ಕೇ ಹೋಗುತ್ತಿತ್ತು. ರೂಟರಿನದೂ ಅಲ್ಲಿಗೇ ಹೋಯಿತು. ಆ ವಾರ ಅವ್ವ ಕೌದಿಗಳನ್ನೆಲ್ಲ ಒಗೆದು ಒಣಗಿಸಿದ್ದಳು. ಅವನ್ನು ಮಡಿಸಿ ಟ್ರಂಕಿನ ಮೇಲೆ ಪೇರಿಸಿ, ಹಿಡಿಸದೆ ಉಳಿದವನ್ನು ಟ್ರಂಕಿಗೂ ಗೋಡೆಗೂ ನಡುವಿನ ಸಂದಿಗೆ ತುರುಕಿದಳು. ಟ್ರಂಕಿನ ಪಕ್ಕದಲ್ಲೇ ಅವಳ ಮಧ್ಯಾಹ್ನದ ಹಾಸಿಗೆ.

ತೊಂದರೆ ಶುರುವಾದದ್ದು ಬಾಗಳಿಯ ಗುಡಿಯ ಶಿಲ್ಪಗಳ ಮೇಲೆ ಒಬ್ಬ ನಿವೃತ್ತ ಮೇಷ್ಟ್ರು ಬರೆದ ಪುಸ್ತಕದಿಂದ. ಪುಟಪುಟಕ್ಕೂ ಫೋಟೋಗಳು, ಹಾಗಾಗಿ ಫೈಲು ಭಾರ. ಎರಡು ಸಾಲಿನ ಮೇಲ್ ಕಳಿಸಿದರೆ ಹೋಗುತ್ತಿತ್ತು. ಪುಸ್ತಕದ ಫೈಲು ಲಗತ್ತಿಸಿ ಕಳಿಸಿ, ಅಡುಗೆಮನೆಗೆ ಹೋಗಿ ಬರುವಷ್ಟರಲ್ಲಿ ಸರ್ವರ್ ಸಿಗುತ್ತಿಲ್ಲವೆಂಬ ಕೆಂಪು ಸಾಲು ಕಾಯುತ್ತಿತ್ತು. ಪಾಸ್‌ವರ್ಡ್ ಬದಲಿಸಿದೆ. ಮೇಲ್ ಖಾತೆಯನ್ನು ಕಂಪ್ಯೂಟರಿನಿಂದ ತೆಗೆದು ಮತ್ತೆ ಸೇರಿಸಿದೆ. ಫೈಲನ್ನು ತುಂಡು ಮಾಡಿ ಕಳಿಸಿದೆ. ಒಂದು ತುಂಡು ಹೋಗುತ್ತಿತ್ತು, ಮುಂದಿನದು ನಿಲ್ಲುತ್ತಿತ್ತು. ನೆಟ್ ಕಂಪನಿಗೆ ಫೋನ್ ಮಾಡಿದರೆ, ಮೊಬೈಲಿನಲ್ಲಿ ವಿಡಿಯೋ ಓಡುತ್ತದೋ ಇಲ್ಲವೋ ಎಂದು ಕೇಳಿದರು. ಓಡುತ್ತಿತ್ತು. ಹಾಗಾದರೆ ಲೈನ್ ಚೆನ್ನಾಗಿದೆ, ಮೇಲ್‌ನವರನ್ನೇ ಕೇಳಿ ಎಂದರು. ನನಗೂ ಅದು ಸರಿಯೆನಿಸಿತು. ಅವ್ವನ ಫೋನಿನಲ್ಲಿ ಭಜನೆ ಒಂದು ಸಲವೂ ನಿಂತಿರಲಿಲ್ಲ.

ಅದೇ ದಿನಗಳಲ್ಲಿ ನಡುಮನೆಯಲ್ಲಿ ಒಂದು ಸುಟ್ಟ ವಾಸನೆ ಬಂದು ಬಂದು ಹೋಗುತ್ತಿತ್ತು. ಯಾರೋ ಓಣಿಯಲ್ಲಿ ಅರಿವೆ ಸುಡುತ್ತಿದ್ದಾರೆಂದು ಬೈದುಕೊಂಡು ಅವ್ವ ಕಿಟಕಿ ಮುಚ್ಚಿ ಮಲಗುತ್ತಿದ್ದಳು. ಈಗ ಅವಳು ಮಲಗುವ ಮುಂಚೆ ಆ ಕಿಟಕಿಯನ್ನು ನಾನೇ ತೆರೆದಿಡುತ್ತೇನೆ.

ಮುದ್ರಣಾಲಯದ ಸಾಹೇಬರು ವಯಸ್ಸಾದವರು, ಸಮಾಧಾನಿ. ಪುಸ್ತಕ ಯಾಕೆ ಬಂದಿಲ್ಲವೆಂದು ಕೇಳಲು ಫೋನ್ ಮಾಡಿದರು. ನಾನು ಮಾಡಿ ನೋಡಿದ್ದನ್ನೆಲ್ಲ ಹೇಳಿದೆ. ಪೂರ್ತಿ ಕೇಳಿಸಿಕೊಂಡು ಅವರು ಹೇಳಿದ್ದು ಇಷ್ಟೇ: "ತಂಗಿ, ಫೋನಿನ ಡಾಟಾ ಬಂದ್ ಮಾಡಿ ಒಂದ್ಸಲ ನೋಡು. ನಮ್ಮನೇಲೂ ಹಿಂಗೇ ಆಗಿತ್ತು. ವೈಫೈ ಹೋದ ಕೂಡ್ಲೇ ಫೋನು ತಾನೇ ಸಿಮ್ಮಿನ ನೆಟ್ ತಗೊಂಡು ನಡೀತದೆ, ನಮಗೆ ಗೊತ್ತೇ ಆಗಲ್ಲ."

ಡಾಟಾ ನಿಲ್ಲಿಸಿ, ಒಂದು ವಿಡಿಯೋ ಹಾಕಿಕೊಂಡು ನಡುಮನೆಯಲ್ಲಿ ನಿಂತೆ. ಅವ್ವ ಮಲಗಿದ್ದಳು. ವಿಡಿಯೋ ಸ್ವಲ್ಪ ಹೊತ್ತು ಓಡಿತು. ಆಮೇಲೆ ಫ್ರಿಜ್ ಗುರ್ ಎಂದಿತು, ವಿಡಿಯೋ ನಿಂತಿತು. ರೂಟರಿನ ದೀಪ ನೋಡೋಣವೆಂದು ಮೊಲದ ಕೌದಿ ತೆಗೆದೆ. ಒಂದು ದೀಪವೂ ಇರಲಿಲ್ಲ. ನೋಡುತ್ತಿದ್ದಂತೆ ಒಂದೊಂದಾಗಿ ಹೊತ್ತಿಕೊಳ್ಳತೊಡಗಿದವು. ಹಾಗಾದರೆ ಇಷ್ಟು ದಿನವೂ ಫ್ರಿಜ್ ಶುರುವಾದಾಗಲೆಲ್ಲ ಇದು ಕರೆಂಟಿಲ್ಲದೆ ಸತ್ತು ಹುಟ್ಟುತ್ತಿತ್ತು, ಮೇಲೆ ಹೊದಿಸಿದ್ದ ಕೌದಿಯಿಂದಾಗಿ ಯಾರಿಗೂ ಕಾಣುತ್ತಿರಲಿಲ್ಲ.

ವೈರಿನ ಗುಂಟ ಕೈ ಇಳಿಸಿದೆ. ಸಂದಿಯಲ್ಲಿದ್ದ ಕೌದಿಗಳು ಬೆಚ್ಚಗಿದ್ದವು. ಇನ್ನೂ ಕೆಳಗೆ ಮುಟ್ಟಲಾಗದಷ್ಟು ಬಿಸಿ. ಒಂದನ್ನು ಎಳೆದೆ. ಹೊಗೆ ಬಂತು. ಕಪ್ಪಗೆ ಕರಗಿದ ಬಾಕ್ಸಿನ ಪಕ್ಕ ಕೌದಿಯಲ್ಲಿ ಅಂಗೈಯಗಲದ ತೂತು, ಅದರ ಸುತ್ತ ಕೆಂಪು ಅಂಚು. ಗಾಳಿ ಸಿಕ್ಕಿದ್ದೇ ತಡ, ಆ ಅಂಚು ತೆವಳಿತು.

ನನ್ನ ಕೈ ಮೊದಲು ಹೋದದ್ದು ನೀರಿನ ಕೊಡದ ಕಡೆಗೆ. ಕೊಡ ಎತ್ತಿಯೂ ಬಿಟ್ಟಿದ್ದೆ. ಕರೆಂಟ್ ಇನ್ನೂ ಹರಿಯುತ್ತಿದೆ ಎಂಬುದು ಅದು ಹೇಗೆ ಹೊಳೆಯಿತೋ, ಕೊಡ ಅಲ್ಲೇ ಇಟ್ಟು ಬಾಗಿಲ ಬಳಿಗೆ ಓಡಿ ಮೇನ್ ಸ್ವಿಚ್ ಕೆಳಗೆ ಎಳೆದೆ. ನನಗೆ ಮತ್ತೆ ಮತ್ತೆ ನೆನಪಾಗುವುದು ಈ ಗಳಿಗೆಯೇ. ಕೆಲವು ಸಲ ನೆನಪಿನಲ್ಲಿ ಕೊಡ ಬಗ್ಗಿ, ಕರೆಂಟಿರುವ ಬಾಕ್ಸಿನ ಮೇಲೆ ನೀರು ಬಿದ್ದುಬಿಡುತ್ತದೆ.

ಫ್ಯಾನ್ ನಿಂತದ್ದಕ್ಕೆ ಅವ್ವನಿಗೆ ಎಚ್ಚರವಾಯಿತು.

"ಕರೆಂಟ್ ಹೋತೇನು?"

"ನಾನ ತಗದೀನಿ. ಏಳು, ಹೊರಗ ನಡಿ."

"ಅಯ್ಯ, ನನ್ನ ಕೌದಿ ಯಾಕ ಎಳದಿ?"

"ಏಳಂದ್ರ ಏಳವ್ವ."

ಅವ್ವ ಎದ್ದು ಹೊರಗೆ ನಡೆದಳು. ಕೌದಿಗಳನ್ನು ಅಂಗಳಕ್ಕೆ ಎಳೆದು ಹಾಕಿ ಕೊಡದ ನೀರೆಲ್ಲ ಸುರಿದೆ. ಹೊಗೆ ಕಂಡು ಪಕ್ಕದ ಮನೆಯ ಚಾಚಿ ಬಕೆಟ್ ಹಿಡಿದು ಬಂದರು. ಅವರ ಯಜಮಾನರು ಮೋಟರಿಗೆ ತಂತಿ ಸುತ್ತಿ ರಿಪೇರಿ ಮಾಡುವವರು. ಅಂಗಡಿ ಬಿಟ್ಟು ಬಂದು ಬಾಕ್ಸ್ ಕಿತ್ತು, ಸಂಜೆಯೊಳಗೆ ಫ್ರಿಜ್ಜಿಗೆ ಬೇರೆ, ರೂಟರಿಗೆ ಬೇರೆ ಪ್ಲಗ್ ಹಾಕಿಕೊಟ್ಟರು. ಅಷ್ಟು ಹೊತ್ತೂ ಚಾಚಿ ಅವ್ವನನ್ನು ತಮ್ಮ ಕಟ್ಟೆಯ ಮೇಲೆ ಕೂರಿಸಿಕೊಂಡು ಚಹಾ ಕುಡಿಸಿದರು. ನನ್ನ ಕೈಗೂ ಒಂದು ಲೋಟ ಕೊಟ್ಟರು.

ಮರುದಿನ ಪುಸ್ತಕ ಒಂದೇ ಸಲಕ್ಕೆ ಹೋಯಿತು. ಸಾಹೇಬರಿಗೆ ಫೋನ್ ಮಾಡಿ ನಡೆದದ್ದು ಹೇಳಿದೆ. ಅವರು ಪುಸ್ತಕದ ಮಾತೆತ್ತದೆ, "ಅಮ್ಮ ಊಟ ಮಾಡಿದ್ರಾ?" ಎಂದು ಕೇಳಿದರು.

ಹೋಗದ ಮೇಲ್‌ಗೆ ನಾನು ಎಷ್ಟು ಬೈದಿದ್ದೆ. ಮನೆಯೊಳಗೆ ಏನೋ ಸರಿಯಿಲ್ಲವೆಂದು ಹೇಳುತ್ತಿದ್ದುದು ಅದೊಂದೇ. ಮಿಕ್ಕದ್ದೆಲ್ಲ ಚೆನ್ನಾಗಿಯೇ ನಡೆಯುತ್ತಿರುವಂತೆ ಕಾಣುತ್ತಿತ್ತು. ಆ ಕೆಂಪು ಸಾಲಿಗೆ, ಸಾಹೇಬರಿಗೆ, ಚಾಚಿಯ ಮನೆಯವರಿಗೆ ನಾನು ಮನಸ್ಸಿನಲ್ಲೇ ಎಷ್ಟು ಸಲ ಕೈಮುಗಿದಿದ್ದೇನೋ.

ರೂಟರ್ ಈಗ ಮುಂದಿನ ಕೋಣೆಯಲ್ಲಿ, ನನ್ನ ಕಣ್ಣೆದುರು, ಬರಿಮೈಯಲ್ಲಿದೆ. ಅವ್ವ ಅದರ ಕೌದಿಯನ್ನು ಎಸೆಯಲಿಲ್ಲ. ಸುಟ್ಟ ಕೌದಿಯನ್ನು ಒಗೆದು, ತೂತಿನ ಅಂಚು ಕತ್ತರಿಸಿ, ರೂಟರಿನ ಕೌದಿಯನ್ನೇ ಅದಕ್ಕೆ ತೇಪೆಯಾಗಿ ಹಾಕಿದಳು. ಮೊಲದ ಕಿವಿಯ ಎರಡು ತೂತುಗಳನ್ನೂ ಹೊಲಿದು ಮುಚ್ಚಿದಳು. ಈಗ ಅದನ್ನೇ ಹಾಸಿಕೊಂಡು ಮಲಗುತ್ತಾಳೆ. ಮಲಗುವ ಮುಂಚೆ ನಡುಮನೆಯಿಂದಲೇ ಕೂಗಿ ಕೇಳುತ್ತಾಳೆ.

"ಲೇ, ದೀಪ ಹತ್ಯಾವೇನು?"

"ಎಲ್ಲಾ ಹತ್ಯಾವವ್ವ. ಮಲಗು."

ಅವಳ ಉಸಿರು ನಿಧಾನವಾದ ಮೇಲೆ ಎದ್ದು ಹೋಗಿ ಗೋಡೆ ಮುಟ್ಟುತ್ತೇನೆ.